ಚಾಂದನಿ ತಲೆ ಕೊಡವುತ್ತಿದ್ದಳು

ಕುದುರೆಯೊಂದು ತಲೆ ಕೊಡವುತ್ತಿದೆ ಎಂದು ಯಾರಾದರೂ ನಿಮ್ಮನ್ನು ಕರೆಸಿದರೆ, ಹೋದ ಕೂಡಲೇ ಅದರ ಬಾಯಿಗೆ ಕೈ ಹಾಕಬೇಡಿ. ಲಾಯದಲ್ಲಿ ಖಾಲಿ ಬಕೆಟ್ಟು ಇದ್ದೇ ಇರುತ್ತದೆ. ಅದನ್ನು ಬೋರಲು ಹಾಕಿಕೊಂಡು ಕೂತು ಅರ್ಧ ತಾಸು ಸುಮ್ಮನೆ ನೋಡಿ. ಡಾಕ್ಟರಿಗೆ ಏನೂ ತಿಳಿಯಲಿಲ್ಲ ಎಂದು ಸುತ್ತ ನಿಂತವರು ನಗಬಹುದು, ನಗಲಿ ಬಿಡಿ. ನಾನು ನಗೆಗೀಡಾಗಲು ಹೆದರಿದವನು. ಅದರಿಂದ ಏನಾಯಿತು ಎಂಬುದನ್ನು, ಈ ಕಸುಬಿಗೆ ಹೊಸದಾಗಿ ಬಂದಿರುವ ನಿಮಗೆ ಹೇಳಬೇಕಾಗಿದೆ.

ನಮ್ಮದು ರಾಯಚೂರು ಕಡೆಯ ಮನೆತನ. ತಂದೆಯವರು ಹೈದರಾಬಾದಿನಲ್ಲಿ ಸರ್ಕಾರಿ ಗುಮಾಸ್ತರಾಗಿದ್ದರು, ನಾನು ಹಿಮಾಯತ್‌ನಗರದಲ್ಲಿ ಬೆಳೆದೆ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತೆಲುಗು, ಲಾಯಕ್ಕೆ ಹೋದರೆ ದಖನಿ ಉರ್ದು. ಪಶುವೈದ್ಯನಾಗಿ ಎಮ್ಮೆ, ಕುರಿ, ನಾಯಿ ಎಲ್ಲ ನೋಡಿದೆ. ಆದರೆ ಜನ ನನ್ನನ್ನು ಕರೆದದ್ದು ಕುದುರೆ ಡಾಕ್ಟರು ಎಂದೇ. ಆ ಹೆಸರು ನನಗೆ ಭಾಳ ಹಿತವಾಗಿತ್ತು, ಸುಳ್ಳೇಕೆ ಹೇಳಲಿ.

ಕುದುರೆ ವಿದ್ಯೆ ಕಲಿಸಿದವರು ರೆಡ್ಡಿಗಾರು ಎಂಬ ಹಿರಿಯ ಡಾಕ್ಟರು. ಮೀಸೆ ದಪ್ಪ, ಸಹನೆ ತೆಳುವು. ಕುದುರೆಗೆ ಏನೇ ಆಗಿರಲಿ, ‘ಮುಂದು ನೋರು ಚೂಡವಯ್ಯಾ’ ಎನ್ನುತ್ತಿದ್ದರು. ಮೊದಲು ಬಾಯಿ ನೋಡು ಎಂದು. ಅವರ ಜೊತೆ ನೋಡಿದ ಮೊದಲ ತಲೆ ಕೊಡವುವ ಕುದುರೆಗೆ ನಿಜವಾಗಿಯೂ ಬಾಯಲ್ಲೇ ರೋಗವಿತ್ತು. ದವಡೆ ಹಲ್ಲಿನ ಅಂಚು ಬ್ಲೇಡಿನಷ್ಟು ಹರಿತವಾಗಿ ಕೆನ್ನೆಯ ಒಳಗೆ ಕೊರೆದಿತ್ತು. ಅರ ಹಾಕಿ ಉಜ್ಜಿದೆವು, ಮರುದಿನ ಕುದುರೆ ಸುಮ್ಮನಾಯಿತು. ಇಷ್ಟೇನಾ ಎಂದು ನಾನು ಉಬ್ಬಿಹೋದೆ.

ಉಬ್ಬಿದ್ದು ಇಳಿಯಲು ಹೆಚ್ಚು ದಿನ ಬೇಕಾಗಲಿಲ್ಲ. ಒಬ್ಬ ಹಳೆಯ ಅಧಿಕಾರಿಯ ತಟ್ಟು ತಲೆ ಕೊಡವುತ್ತಿದೆ ಎಂದು ಕರೆ ಬಂತು. ನಾನು ಹೋಗಿ, ಇದ್ದ ಹಲ್ಲನ್ನೆಲ್ಲ ಉಜ್ಜಿ, ಬೆವರು ಒರೆಸಿಕೊಂಡು ಗುಣವಾಯಿತೆಂದೆ. ತಟ್ಟು ನನ್ನ ಎದುರಿಗೇ ಮತ್ತೆ ತಲೆ ಕೊಡವಿತು. ಅದರ ಆಳು ಕಿವಿಯೊಳಗೆ ಬೆರಳು ಹಾಕಿ ರಕ್ತ ಹೀರಿ ಹುರಿಗಡಲೆ ಗಾತ್ರವಾಗಿದ್ದ ಉಣ್ಣೆಹುಳವೊಂದನ್ನು ಕಿತ್ತು ನನ್ನ ಅಂಗೈಯಲ್ಲಿ ಇಟ್ಟ. ರೆಡ್ಡಿಗಾರು ವಾರವಿಡೀ ನನ್ನನ್ನು ಕಂಡಾಗಲೆಲ್ಲ ತಮ್ಮ ಕಿವಿ ಮುಟ್ಟಿಕೊಂಡು ನಗುತ್ತಿದ್ದರು. ಅಂದಿನಿಂದ ನನ್ನ ಪದ್ಧತಿ ಗಟ್ಟಿಯಾಯಿತು: ಹಲ್ಲು, ಕಿವಿ, ಕಣ್ಣು, ಕಡಿವಾಣ. ಈ ನಾಲ್ಕರಲ್ಲಿ ಏನೂ ಸಿಗದಿದ್ದರೆ ತಪ್ಪು ಕುದುರೆಯದು.

ಆ ಪದ್ಧತಿಯಲ್ಲೇ ಹದಿನೈದಿಪ್ಪತ್ತು ವರ್ಷ ನಡೆದ ಮೇಲೆ ಬಂದವಳು ಚಾಂದನಿ.

ಸಿಕಂದರಾಬಾದಿನಾಚೆ ಒಬ್ಬ ನಿವೃತ್ತ ಕರ್ನಲ್ ಸಾಹೇಬರು ಸಣ್ಣದೊಂದು ಸವಾರಿ ಶಾಲೆ ನಡೆಸುತ್ತಿದ್ದರು. ವಾರಕ್ಕೊಮ್ಮೆ ಅಲ್ಲಿಗೆ ಹೋಗಿ ಬರುವುದು ನನ್ನ ಪಾಲಿಗೆ ಬಂದಿತ್ತು. ಚಾಂದನಿ ಅಲ್ಲಿಯ ಬಿಳಿ ಹೆಣ್ಣು ಕುದುರೆ. ಭಾರೀ ಚೆಲುವೆಯೇನಲ್ಲ, ಬೆನ್ನು ಸ್ವಲ್ಪ ಕುಸಿದಿತ್ತು, ಆದರೆ ಮನುಷ್ಯರನ್ನು ಕಂಡರೆ ತಾನಾಗಿ ಎದುರು ಬರುತ್ತಿದ್ದಳು. ನನ್ನ ಅಂಗಿಯ ಜೇಬಿಗೆ ಮೂಗು ಹಚ್ಚಿ ಬೆಚ್ಚಗೆ ಉಸಿರು ಬಿಡುವಳು. ನಿವೃತ್ತನಾದ ಮೇಲೆ ನಾನು ಆಸ್ಪತ್ರೆಯನ್ನು ನೆನೆಸಿ ಕೊರಗಿದ್ದಿಲ್ಲ, ಆ ಉಸಿರಿಗಾಗಿ ಕೊರಗಿದ್ದೇನೆ.

ಅವಳನ್ನು ನೋಡಿಕೊಳ್ಳುತ್ತಿದ್ದವನು ಮಹಬೂಬ. ಲಿಂಗಸುಗೂರು ಕಡೆಯವನು, ನನಗಿಂತ ಐದಾರು ವರ್ಷ ದೊಡ್ಡವನು. ಲಾಯದಲ್ಲಿ ನನ್ನೊಡನೆ ಕನ್ನಡ ಮಾತಾಡುವವನು ಅವನೊಬ್ಬನೇ. ನಮ್ಮ ಊರ ಮಾತು ಕಿವಿಗೆ ಬೀಳಲೆಂದೇ ನಾನು ಅಲ್ಲಿ ಹತ್ತು ನಿಮಿಷ ಹೆಚ್ಚು ನಿಲ್ಲುತ್ತಿದ್ದೆ.

ಶಿವರಾತ್ರಿ ಕಳೆದು ಬಿಸಿಲು ಏರತೊಡಗಿದ ಹೊತ್ತಿಗೆ ಚಾಂದನಿ ತಲೆ ಕೊಡವಲು ಶುರುಮಾಡಿದಳು. ನೊಣ ಓಡಿಸುವ ಕೊಡವಾಟ ಅಡ್ಡಡ್ಡ ಇರುತ್ತದೆ. ಇದು ಹಾಗಲ್ಲ, ಮೂಗಿನ ತುದಿಗೆ ಯಾರೋ ಕರೆಂಟು ತಾಗಿಸಿದಂತೆ ತಲೆ ಮೇಲಕ್ಕೆ ಚಿಮ್ಮುತ್ತಿತ್ತು. ಓಡುತ್ತಿದ್ದವಳು ನಿಂತು ಮುಂಗಾಲಿನಿಂದ ತನ್ನ ಮೂಗನ್ನೇ ಹೊಡೆದುಕೊಳ್ಳುವಳು, ಮೂತಿಯನ್ನು ಮೊಣಕಾಲಿಗೆ ತಿಕ್ಕುವಳು. ಸವಾರಿ ಕಲಿಯುತ್ತಿದ್ದ ಹುಡುಗಿಯೊಬ್ಬಳು ಬಿದ್ದು ಮುಂಗೈ ಮುರಿದುಕೊಂಡಳು. ಕರ್ನಲ್ ಸಾಹೇಬರು ನನ್ನನ್ನು ಕರೆಸಿ, ಇದಕ್ಕೆ ರೋಗವೋ ಹಟವೋ ಎಂಬುದನ್ನು ಬರೆದು ಕೊಡಿ ಎಂದರು. ರೋಗವಾದರೆ ಚಿಕಿತ್ಸೆ, ಹಟವಾದರೆ ಶಾಲೆಯಿಂದ ಹೊರಗೆ.

ನಾನು ಹಲ್ಲು ನೋಡಿದೆ, ಕಿವಿ ನೋಡಿದೆ, ಕಣ್ಣಿಗೆ ಬ್ಯಾಟರಿ ಬಿಟ್ಟೆ, ಕಡಿವಾಣ ಬದಲಿಸಿದೆ. ಎಲ್ಲ ಸರಿಯಾಗಿತ್ತು.

“ಸಾಹೇಬ್ರ, ಅಕಿಗೆ ಮುಖದಾಗ ನೋವೈತ್ರಿ,” ಎಂದ ಮಹಬೂಬ.

“ಹಲ್ಲು ನೋಡೀನಿ, ಕಿವಿ ನೋಡೀನಿ. ಎಲ್ಲಿಂದ ಬರತೈತಿ ನೋವು?”

“ಎಲ್ಲಿಂದಂತ ನನಗ ತಿಳೀವಲ್ದ್ರಿ. ನೆರಳಾಗ ನಿಲ್ಲಿಸಿದ್ರ ಸುಮ್ಮನಿರ್ತಾಳ. ಬಿಸಲಿಗೆ ತಂದು ನಾಕು ಹೆಜ್ಜಿ ಓಡಿಸಿದ್ರ ಸುರು ಆಗತೈತಿ. ಗಾಳಿ ಬಿಟ್ರಂತೂ ಕೇಳಬ್ಯಾಡ್ರಿ. ಮುಂದಿನ ಕುದುರಿ ಬಾಲದಾಗ ಮೂಗು ತುರುಕತಾಳ, ಇಲ್ಲಂದ್ರ ನನ್ನ ಬಗಲಾಗ ಇಟಗೊಂಡು ನಿಂದರತಾಳ.”

“ಬಿಸಲಾಗ ದುಡಿಯೋದು ಯಾರಿಗೆ ಸೇರತೈತಿ ಮಹಬೂಬ? ಮಧ್ಯಾಹ್ನದಾಗ ಇಲ್ಲಿಗೆ ಬರಬೇಕಂದ್ರ ನನಗೂ ತಲಿ ಕೊಡವಬೇಕು ಅನಸ್ತೈತಿ.”

ಅವನು ನಗಲಿಲ್ಲ. “ಅಕಿ ಕಳ್ಳಾಟ ಆಡಾಕಿ ಅಲ್ರಿ. ನನಗ ಗೊತ್ತೈತಿ,” ಎಂದ.

ಕರ್ನಲ್ ಸಾಹೇಬರು ಪಕ್ಕದಲ್ಲೇ ನಿಂತಿದ್ದರು. ತಿಳಿಯಲಿಲ್ಲ ಎಂಬ ಒಂದು ಮಾತು ನನ್ನ ಬಾಯಿಂದ ಹೊರಡಲಿಲ್ಲ. ಕುದುರೆ ಡಾಕ್ಟರಲ್ಲವೇ. ಲಾಯದ ಮೇಜಿನ ಮೇಲೇ ಕಾಗದವಿಟ್ಟು ಬರೆದುಕೊಟ್ಟೆ: ರೋಗವಿಲ್ಲ, ದುರಭ್ಯಾಸ. ತಲೆ ಎತ್ತದಂತೆ ಮೂಗಿನ ಪಟ್ಟಿಯಿಂದ ಎದೆಯ ಕೆಳಗಿನ ಪಟ್ಟಿಗೆ ಬಿಗಿಯಾಗಿ ಕಟ್ಟತಕ್ಕದ್ದು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನನ್ನ ವಿಷಯದಲ್ಲಿ ನೆಲವಾದವಳು ಆ ಮೂಕ ಪ್ರಾಣಿ.

ಆ ಪಟ್ಟಿ ಕಟ್ಟಿ ಹದಿನೈದು ದಿನ ಓಡಿಸಿದರು. ತಲೆ ಚಿಮ್ಮಲು ಹೋಗಿ ಪಟ್ಟಿ ಜಗ್ಗಿ, ಮೂಗಿನ ಮೇಲೆ ಚರ್ಮ ಸುಲಿದು ಕೆಂಪಾಗಿತ್ತು. ಅದಕ್ಕೆ ಮುಲಾಮು ಬರೆದುಕೊಟ್ಟವನೂ ನಾನೇ. ಆಮೇಲೆ ನನ್ನ ಕಾಗದದ ಆಧಾರದಿಂದ ಅವಳನ್ನು ಮದುವೆ ಮೆರವಣಿಗೆಗೆ ಕುದುರೆ ಇಟ್ಟುಕೊಂಡವನೊಬ್ಬನಿಗೆ ಕೊಟ್ಟುಬಿಟ್ಟರು. ಮಹಬೂಬನೂ ಕೆಲಸ ಬಿಟ್ಟು ಅವಳ ಹಿಂದೆಯೇ ಹೋದ. ಹೋಗುವಾಗ ನನಗೆ ಸಲಾಂ ಮಾಡಿದ. ಮರುವಾರ ನಾನು ಲಾಯಕ್ಕೆ ಹೋದಾಗ ಕನ್ನಡದಲ್ಲಿ ಮಾತಾಡುವವರು ಯಾರೂ ಇರಲಿಲ್ಲ.

ಒಂದೆರಡು ವರ್ಷಕ್ಕೆ ನಮ್ಮ ಓಣಿಯಲ್ಲೇ ಅವಳನ್ನು ಮತ್ತೆ ಕಂಡೆ. ಪಕ್ಕದ ಮನೆಯವರ ಮಗನ ಮದುವೆ. ಹೊತ್ತು ಮುಳುಗಿದ ಮೇಲೆ ಬ್ಯಾಂಡು, ತಲೆಯ ಮೇಲೆ ಹೊತ್ತ ದೀಪಗಳು, ನಡುವೆ ಬಿಳಿ ಕುದುರೆಯ ಮೇಲೆ ವರ. ಕುದುರೆಗೂ ಶೃಂಗಾರ ಮಾಡುವುದು ನಮ್ಮ ಊರಿನ ರೂಢಿ ನಿಮಗೆ ಗೊತ್ತಲ್ಲ. ಬೆನ್ನಿಗೆ ಜರಿಯ ಬಟ್ಟೆ, ಕಾಲಿಗೆ ಗೆಜ್ಜೆ, ಹಣೆಯಿಂದ ಮೂಗಿನ ತುದಿಯವರೆಗೆ ಇಳಿಬಿದ್ದ ಮಣಿಗಳ ಜಾಲರಿ. ಮಹಬೂಬ ಲಗಾಮು ಹಿಡಿದು ನಿಂತಿದ್ದ. ಡೋಲು ಕಿವಿಯ ಪಕ್ಕದಲ್ಲೇ ಬಡಿಯುತ್ತಿದ್ದರೂ ಚಾಂದನಿ ಕದಲದೆ ನಿಂತಿದ್ದಳು.

“ನೋಡಿದ್ಯೇನು ನಿನ್ನ ರಾಣೀನ?” ಎಂದೆ ನಾನು, ಗೆದ್ದವನ ದನಿಯಲ್ಲಿ. “ಒಂದು ಸಲನೂ ತಲಿ ಕೊಡವಲಿಲ್ಲ. ನೋವಿತ್ತಂದ್ರ ಎಲ್ಲಿ ಹೋತು?”

“ಅದನ್ನ ನಿಮ್ಮನ್ನ ಕೇಳಬೇಕಂತ ಇದ್ದೆ ನೋಡ್ರಿ. ಸಂಜೀ ಮುಂದ ಅಕಿಗೆ ಆರಾಮ. ಮತ್ತ ಈ ಮಣಿ ಜಾಲರಿ ಮೂಗಿನ ಮ್ಯಾಲ ಬಿತ್ತಂದ್ರ ಹಗಲಿನಾಗೂ ಕಡಿಮಿ ಆಗತೈತಿ. ತಗದ್ರ ಮತ್ತ ಸುರು. ಇದು ಯಾಕಂತ್ರಿ ಸಾಹೇಬ್ರ?”

“ಹೆಣ್ಣಲ್ಲೇನು? ಶೃಂಗಾರ ಮಾಡಿದ್ರ ಸುಮ್ಮನಿರ್ತಾಳ.”

ಸುತ್ತಲಿದ್ದವರು ನಕ್ಕರು. ಒಳಗಿನಿಂದ ಯಾರೋ ಊಟಕ್ಕೆ ಕರೆದರು, ನಾನು ಹೋದೆ. ಹೊಸ ಡಾಕ್ಟರುಗಳೇ, ಇಡೀ ರೋಗದ ಚರಿತ್ರೆಯನ್ನು ಒಬ್ಬ ಮನುಷ್ಯ ನಡುಬೀದಿಯಲ್ಲಿ ನಿಂತು ನನಗೆ ಒಪ್ಪಿಸಿದ್ದ. ಬಿಸಿಲಿಗೆ ಬರುತ್ತದೆ, ಗಾಳಿಗೆ ಬರುತ್ತದೆ, ಓಡಿದರೆ ಬರುತ್ತದೆ, ಕತ್ತಲಾದರೆ ಹೋಗುತ್ತದೆ, ಮೂಗಿಗೆ ಏನಾದರೂ ತಾಗುತ್ತಿದ್ದರೆ ಕಡಿಮೆಯಾಗುತ್ತದೆ. ಹಿತ್ತಲ ಗಿಡ ಮದ್ದಲ್ಲ. ಇದನ್ನೇ ಬಿಳಿ ಕೋಟು ಹಾಕಿದವರು ಹೇಳಿದ್ದರೆ ನಾನು ಬರೆದುಕೊಳ್ಳುತ್ತಿದ್ದೆ.

ಹೇಳಿದರು ಕೂಡ. ನನ್ನ ನೌಕರಿಯ ಕೊನೆಯ ವರ್ಷಗಳಲ್ಲಿ ನಮಗೊಂದು ತರಬೇತಿ ಇಟ್ಟಿದ್ದರು. ನನ್ನ ಮಗಳ ವಯಸ್ಸಿನ ಡಾಕ್ಟರೊಬ್ಬಳು ಪರದೆಯ ಮೇಲೆ ಒಂದು ಕುದುರೆಯನ್ನು ತೋರಿಸಿದಳು. ಯಾವುದೋ ದೇಶದ ಕಂದು ಕುದುರೆ, ಆದರೆ ತಲೆ ಚಿಮ್ಮುವುದು, ಮುಂಗಾಲಿನಿಂದ ಮೂಗು ಹೊಡೆದುಕೊಳ್ಳುವುದು, ಎಲ್ಲ ನಮ್ಮ ಚಾಂದನಿಯೇ. ಮುಖದ ನರದ ನೋವು ಎಂದಳು. ಮುಖಕ್ಕೆ ಸ್ಪರ್ಶ ತಿಳಿಸುವ ದೊಡ್ಡ ನರ ಸುಮ್ಮಸುಮ್ಮನೆ ಉರಿದೇಳುತ್ತದಂತೆ. ನರ ಹರಿದಿರುವುದಿಲ್ಲ, ಬಾತಿರುವುದಿಲ್ಲ, ಕೊಯ್ದು ನೋಡಿದರೂ ಏನೂ ಕಾಣುವುದಿಲ್ಲ. ಬಿಸಿಲು, ತಂಗಾಳಿ, ಹಾರಿ ಬಂದ ಒಂದು ಹುಲ್ಲೆಸಳು, ಇಷ್ಟು ಸಾಕು, ಮುಖದಲ್ಲಿ ಮಿಂಚು ಹೊಡೆಯುತ್ತದೆ. ಕೆಲವು ಕುದುರೆಗಳಿಗೆ ಮೂಗಿನ ಮೇಲೆ ಬಲೆ ಇಳಿಬಿಟ್ಟರೆ ಆರಾಮ ಸಿಗುತ್ತದೆ ಎಂದು ಆಕೆ ಹೇಳಿದಾಗ ನನಗೆ ಮಣಿಗಳ ಜಾಲರಿ ಕಣ್ಣಿಗೆ ಕಟ್ಟಿತು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಎದ್ದರು. ನಾನು ಆಕೆಯ ಹತ್ತಿರ ಹೋಗಿ ಆ ಕುದುರೆಯನ್ನು ಇನ್ನೊಮ್ಮೆ ತೋರಿಸಿ ಎಂದೆ.

ಮುಂದಿನ ಬೇಸಿಗೆಯಲ್ಲಿ ಶಂಷಾಬಾದ್ ಕಡೆಯ ತೋಟವೊಂದರಲ್ಲಿ ಅಂಥದೇ ಕುದುರೆ ಸಿಕ್ಕಿತು. ಈ ಸಲ ಬಕೆಟ್ಟಿನ ಮೇಲೆ ಕೂತೆ, ನೋಡಿದೆ, ಕೇಳಿದೆ. ಆಮೇಲೆ ಕಣ್ಣಿನ ಕೆಳಗೆ, ಕೆನ್ನೆಯ ಮೂಳೆಯ ಆಳದಲ್ಲಿ ನರ ಹಾದುಹೋಗುವಲ್ಲಿಗೆ ಜೋಮು ಹಿಡಿಸುವ ಸೂಜಿಮದ್ದು ಕೊಟ್ಟೆ. ತುಸು ಹೊತ್ತಿಗೆ ಉರಿಬಿಸಿಲಿನಲ್ಲಿ ಓಡಿಸಿದರೆ ಕುದುರೆ ಒಮ್ಮೆಯೂ ತಲೆ ಕೊಡವಲಿಲ್ಲ. ಅಭ್ಯಾಸಕ್ಕೆ ಸೂಜಿಮದ್ದು ನಾಟುವುದಿಲ್ಲ, ನೋವಿಗೆ ಮಾತ್ರ ನಾಟುತ್ತದೆ. ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿರಲಿಲ್ಲ. ಆ ಸೂಜಿ ರೋಗ ತೋರಿಸುತ್ತದೆಯೇ ಹೊರತು ಗುಣ ಮಾಡುವುದಿಲ್ಲ, ಜೋಮು ಇಳಿದರೆ ನೋವು ಮರಳುತ್ತದೆ, ಅದನ್ನೂ ತಿಳಿದಿರಿ.

ಬಲೆ ಹೊಲಿಸಲು ನಾನು ಸೊಳ್ಳೆ ಪರದೆಯ ಬಟ್ಟೆ ತಂದು ನನ್ನ ಹೆಂಡತಿ ಸುಮಿತ್ರೆಯ ಮುಂದೆ ಇಟ್ಟೆ.

“ಲಗ್ನ ಆಗಿ ಮೂವತ್ತು ವರ್ಷಾತು, ನನಗ ಒಂದು ಕುಬಸದ ಅರಿವಿ ತಾವಾಗಿ ತಂದವರಲ್ಲ. ಕುದುರಿ ಮೂಗಿಗೆ ಅರಿವಿ ತಂದಾರ ನೋಡು,” ಎಂದಳು. ಆದರೆ ಹೊಲಿದುಕೊಟ್ಟಳು. ಬಲೆ ಕಟ್ಟಿದ ಮೇಲೆ ಆ ಕುದುರೆ ಪೂರ್ತಿ ಅಲ್ಲದಿದ್ದರೂ ಮುಕ್ಕಾಲು ಪಾಲು ಆರಾಮಾಯಿತು. ಎಲ್ಲ ಕುದುರೆಗೂ ಹೀಗೆ ಕೂಡಿಬರುವುದಿಲ್ಲ. ಕೆಲವಕ್ಕೆ ಮಾತ್ರೆ ಹಿಡಿಸುತ್ತದೆ, ಕೆಲವಕ್ಕೆ ಏನೂ ಹಿಡಿಸದು, ಅವುಗಳ ಮುಂದೆ ನಿಂತಾಗ ಈಗಲೂ ನಮ್ಮ ಕೈ ಖಾಲಿ.

ಬಲೆ ಹೊಲಿಯುತ್ತಲೇ ಸುಮಿತ್ರೆ ಎಲ್ಲ ಕೇಳಿಕೊಂಡಿದ್ದಳು. “ಹೋಗಿ ಆ ಮಹಬೂಬಗ ಹೇಳಿ ಬರ್ರಿ. ಅಕಿ ಇನ್ನೂ ಜೀವಂತ ಇದ್ದಾಳು,” ಎಂದಳು. ಹೂಂ ಎಂದೆ. ಮುಂದಿನ ವಾರ ಎಂದೆ. ಆಮೇಲೆ ಮಳೆಗಾಲ ಬಂತು, ಮಳೆ ಮುಗಿಯಲಿ ಎಂದೆ. ನಾಚಿಕೆ ಎನ್ನುವುದು ಕಾಲಿಗೆ ಕಟ್ಟಿದ ಕಲ್ಲು, ಯಾವ ನೆಪವಾದರೂ ಅದಕ್ಕೆ ಸಾಲುತ್ತದೆ. ಎರಡು ವರ್ಷ ಹೀಗೇ ಕಳೆದವು. ನಾನು ನಿವೃತ್ತನಾದೆ, ಹಾರ ಹಾಕಿದರು, ಶಾಲು ಹೊದಿಸಿದರು, ಕುದುರೆಗಳ ಮನಸ್ಸು ಬಲ್ಲವರು ಎಂದು ಯಾರೋ ಭಾಷಣ ಮಾಡಿದರು. ಆ ಮಾತು ಕೇಳಿ ಮನೆಗೆ ಬಂದವನು ಮರುದಿನ ಬೆಳಿಗ್ಗೆಯೇ ಹೊರಟೆ.

ಮದುವೆ ಕುದುರೆಯವರನ್ನು ಕೇಳುತ್ತ ಕೇಳುತ್ತ ಬೇಗಂಪೇಟೆಯ ರೈಲು ನಿಲ್ದಾಣದ ಹಿಂದಿನ ಓಣಿಗೆ ಬಂದು ಮುಟ್ಟಿದೆ. ಮಹಬೂಬ ಬಾಗಿಲ ಮುಂದೆ ಮಂಚದ ಮೇಲೆ ಕೂತಿದ್ದ. ಗಡ್ಡ ಪೂರ್ತಿ ಬೆಳ್ಳಗಾಗಿತ್ತು, ಕಣ್ಣಿಗೆ ಪೊರೆ ಬಂದಿತ್ತು. ದನಿ ಕೇಳಿಯೇ ಗುರುತು ಹಿಡಿದ.

“ಡಾಕ್ಟರ್ ಸಾಹೇಬ್ರು ಅಲ್ಲೇನ್ರಿ? ಬರ್ರಿ, ಕುಂಡ್ರಿ.”

ಚಾ ಬಂತು. ಕುಡಿದೆ. ಚಾಂದನಿಯ ಸುದ್ದಿಯನ್ನು ನಾನು ಕೇಳುವ ಮೊದಲೇ ಅವನು ಹೇಳಿದ.

“ಚಾಂದನಿ ಹೋದಳ್ರಿ. ಹ್ವಾದ ಚಳಿಗಾಲದಾಗ. ವಯಸ್ಸಾಗಿತ್ತು, ಮಲಗಿದಾಕಿ ಏಳಲಿಲ್ಲ.”

ಮಣಿ ಜಾಲರಿಯ ಗುಟ್ಟನ್ನು ಅವನು ಬಿಟ್ಟಿರಲಿಲ್ಲ. ಹೆಂಡತಿಯ ಹಳೆಯ ಓಢಣಿಯ ಅಂಚಿಗೆ ಮಣಿ ಪೋಣಿಸಿ ಹಗಲಿಗೂ ಒಂದು ಜಾಲರಿ ಮಾಡಿದ್ದನಂತೆ. ಅದರಿಂದ ಎಷ್ಟೋ ಕಡಿಮೆಯಾಗಿತ್ತಂತೆ. ಆದರೆ ಬೇಸಿಗೆಯ ಬಿಸಿಗಾಳಿಯಲ್ಲಿ ಅದೂ ಸಾಲುತ್ತಿರಲಿಲ್ಲ. ಆ ಎರಡು ತಿಂಗಳು ಅವಳನ್ನು ಗೋಡೆಯ ಕಡೆ ಮುಖಮಾಡಿ ನಿಲ್ಲಿಸಿ, ತಾನು ಪಕ್ಕದಲ್ಲಿ ನಿಂತು ಅವಳ ಮೂತಿಯನ್ನು ಬಗಲಲ್ಲಿ ಇಟ್ಟುಕೊಳ್ಳುತ್ತಿದ್ದನಂತೆ. ಆ ಎರಡು ತಿಂಗಳಿಗೆ ನನ್ನ ಬಳಿ ಮಾತ್ರೆ ಇತ್ತು. ಹಿಡಿಸುತ್ತಿತ್ತೋ ಇಲ್ಲವೋ, ಕೊಟ್ಟು ನೋಡಬಹುದಿತ್ತು. ಎರಡು ಬೇಸಿಗೆ ನಾನು ಇಲ್ಲಿಗೆ ಬಾರದೆ ಕಳೆದಿದ್ದೆ.

“ಮಹಬೂಬ್ ಭಾಯಿ, ತಪ್ಪು ನಂದು,” ಎಂದೆ. ಅಷ್ಟು ವರ್ಷದಲ್ಲಿ ಅವನನ್ನು ಹಾಗೆ ಕರೆದದ್ದು ಅದೇ ಮೊದಲು. ಅವನ ಕೈ ಹಿಡಿದು, ಅವನದೇ ಬೆರಳನ್ನು ಅವನ ಕಣ್ಣಿನ ಕೆಳಗೆ ಇಟ್ಟು, ನರ ಎಲ್ಲಿಂದ ಹೊರಟು ಎಲ್ಲಿಗೆ ಹೋಗುತ್ತದೆ ಎಂದು ಮೂಗಿನವರೆಗೆ ಎಳೆದು ತೋರಿಸಿದೆ. ಶಂಷಾಬಾದಿನ ಕುದುರೆಯ ಕತೆ ಹೇಳಿದೆ. ಅವನು ಆ ದಾರಿಯನ್ನು ತಾನಾಗಿ ಬೆರಳಿನಿಂದ ಇನ್ನೊಮ್ಮೆ ಸವರಿಕೊಂಡ.

“ಹಂಗಾದ್ರ ನೋವು ಖರೇನ ಇತ್ತಲ್ರಿ?”

“ಖರೇನ ಇತ್ತು.”

“ಬರದು ಕೊಡ್ರಿ.”

“ಏನು?”

“ಅಕಿ ಹಟಮಾರಿ ಅಂತ ಬರದು ಕೊಟ್ಟಿದ್ರಿ. ಆ ಚೀಟಿ ಓದಿದ ಮ್ಯಾಲ ಎಲ್ಲಾರೂ ಅಕಿನ್ನ ಹೊಡದೇ ಮಾತಾಡ್ಸಿದ್ರು. ಇಲ್ಲಿ ಮಾಲಕನೂ ಮೊದಲ ಆ ಚೀಟೀನ ಓದಿದ. ನಾ ಅಲ್ಲ ಅಂದ್ರ ಯಾರು ಕೇಳತಾರ? ನಾನೇನು ಡಾಕ್ಟರಾ? ಈಗ ನೀವು ಬರದು ಕೊಡ್ರಿ. ಅಕಿ ಇಲ್ಲದಿದ್ರೂ ನನ್ನ ಹಂತ್ಯಾಕ ಇರ್ಲಿ.”

ನನ್ನ ಚೀಲದಲ್ಲಿ ಹಳೆಯ ಔಷಧಿ ಚೀಟಿಯ ಪುಸ್ತಕ ಇತ್ತು. ಮೊಣಕಾಲ ಮೇಲಿಟ್ಟುಕೊಂಡು, ಅವನಿಗೆ ಓದಿ ಹೇಳಲು ಬರಲೆಂದು ಕನ್ನಡದಲ್ಲೇ ಬರೆದೆ. ಚಾಂದನಿ ಎಂಬ ಬಿಳಿ ಹೆಣ್ಣು ಕುದುರೆಗೆ ಯಾವ ದುರಭ್ಯಾಸವೂ ಇರಲಿಲ್ಲ. ಅವಳಿಗೆ ಮುಖದ ನರದ ನೋವು ಇತ್ತು. ಅವಳನ್ನು ನೋಡಿಕೊಳ್ಳುತ್ತಿದ್ದ ಮಹಬೂಬ ಅದನ್ನು ಮೊದಲ ದಿನವೇ ಸರಿಯಾಗಿ ಹೇಳಿದ್ದ. ಪರೀಕ್ಷಿಸಿದ ವೈದ್ಯ ಕೇಳಲಿಲ್ಲ. ಕೆಳಗೆ ಸಹಿ ಹಾಕಿ ಗಟ್ಟಿಯಾಗಿ ಓದಿದೆ.

“ತಾರೀಖು ಹಾಕಿದ್ರೇನ್ರಿ?”

“ಹಾಕ್ತೀನಿ.”

“ಅವತ್ತಿಂದು ಹಾಕ್ರಿ. ಆ ಚೀಟಿ ಬರದ ದಿವಸದ್ದು. ಅಂದ್ರ ಅಕಿನ್ನ ಲಾಯ ಬಿಟ್ಟು ಹೊರಗ ಹಾಕಿದ್ದ ಸುಳ್ಳಾಗತೈತಿ.”

ಪೆನ್ನು ಹಿಡಿದು ಕೂತೆ. ಆ ದಿನದ ತಾರೀಖು ನನಗೆ ನೆನಪಿತ್ತು, ಹಾಕಲು ಕೈ ತುಡಿಯುತ್ತಲೂ ಇತ್ತು. ಆದರೆ ಹಾಕಿದರೆ, ಅಂದೇ ನನಗೆ ತಿಳಿದಿತ್ತು ಎಂದಾಗುತ್ತದೆ. ತಿಳಿದಿರಲಿಲ್ಲ. ನಡುವೆ ಅವಳು ಅಷ್ಟೂ ಬೇಸಿಗೆಗಳನ್ನು ಗೋಡೆಗೆ ಮುಖಮಾಡಿ ನಿಂತು ಕಳೆದಿದ್ದಳು, ಅದನ್ನು ನಾನು ಒಂದು ಅಂಕಿ ಬರೆದು ಅಳಿಸುವ ಹಾಗಿರಲಿಲ್ಲ. ಇವತ್ತಿನ ತಾರೀಖನ್ನೇ ಹಾಕಿದೆ, ಹಾಕಿದ್ದೇನೆಂದು ಅವನಿಗೂ ಹೇಳಿದೆ. ಆಗಲಿ ಎನ್ನುವಂತೆ ತಲೆಯಾಡಿಸಿ ಅವನು ಚೀಟಿಯನ್ನು ಮಡಚಿ ಅಂಗಿಯ ಒಳಜೇಬಿಗೆ ಇಟ್ಟುಕೊಂಡ.

ಈಗ ನನಗೆ ಗೌರವ ಯಾವುದೂ ಬೇಕಿಲ್ಲ, ಊಟ ನಿದ್ದೆಗೆ ಕೊರತೆ ಇಲ್ಲ. ಒಂದೇ ಒಂದು ಬೇಕು. ಸಿಕಂದರಾಬಾದಿನಾಚೆಯ ಆ ಲಾಯದಲ್ಲಿ, ಶಿವರಾತ್ರಿ ಕಳೆದು ಬಿಸಿಲೇರಿದ ಆ ಮಧ್ಯಾಹ್ನ, ಮಹಬೂಬ ಇನ್ನೊಮ್ಮೆ ನನ್ನ ಮುಂದೆ ನಿಂತು “ಅಕಿಗೆ ಮುಖದಾಗ ನೋವೈತ್ರಿ” ಅನ್ನಬೇಕು. ನಾನು “ಎಲ್ಲಿ, ತೋರ್ಸು” ಅನ್ನಬೇಕು.